ಅಲ್ ಗುಬ್ರಾದಲ್ಲಿ ಹಿಮಗಾಳಿ

ಮಗಳು ಶಾಲೆಯ ಲೈಬ್ರರಿಯಿಂದ ತಂದ ಕಥೆಪುಸ್ತಕವನ್ನು ಅವಳಿಗಿಂತ ಮೊದಲು ನಾನೇ ಓದಿ ಮುಗಿಸಿದೆ. ಬೆಳಗಿನ ಪೂಜೆಯಾದ ಮೇಲೆ ಸ್ತೋತ್ರದ ಪುಸ್ತಕ ಹಿಡಿಯಬೇಕಾದ ಹೊತ್ತಿನಲ್ಲಿ ಇದನ್ನು ಹಿಡಿದು ಕೂರುತ್ತಿದ್ದೆ. ದೇವರು ಕ್ಷಮಿಸಿಯಾನು. ಕೊನೆಗೆ ಏನಾಗುತ್ತದೆಂದು ಗೊತ್ತಿದ್ದೂ ನಮಗೆ ಹೇಳದೆ ಕೂತಿರುವವನು ಅವನು.

ಕಥೆ ಬಹಳ ಹಿಂದಿನದು. ಅಮೆರಿಕದ ಬಟಾಬಯಲಿಗೆ ಗಾಡಿ ಕಟ್ಟಿಕೊಂಡು ಹೋಗಿ ಮನೆ ಮಾಡಿದ ಕುಟುಂಬಗಳು, ಮುಗಿಯದ ಚಳಿಗಾಲ, ಕಿಟಕಿ ಮುಚ್ಚುವಷ್ಟು ಹಿಮ. ಅಪ್ಪನಾದವನು ಮನೆಯಿಂದ ಕೊಟ್ಟಿಗೆಗೆ ಹಗ್ಗ ಕಟ್ಟಿ, ಅದನ್ನು ಹಿಡಿದೇ ಹೋಗಿ ಹಸುವಿಗೆ ಹುಲ್ಲು ಹಾಕಿ ಬರಬೇಕು. ಕೈ ಬಿಟ್ಟರೆ ತನ್ನ ಅಂಗಳದಲ್ಲೇ ದಾರಿ ತಪ್ಪಿ ಸಾಯಬೇಕು. ನಾನು ಇದನ್ನೆಲ್ಲ ಓದುತ್ತಿದ್ದದ್ದು ಕೊಲ್ಲಿ ನಾಡಿನ ಈ ಅಲ್ ಗುಬ್ರಾದ ಫ್ಲ್ಯಾಟಿನಲ್ಲಿ, ಮೇ ತಿಂಗಳಲ್ಲಿ. ಆ ಕಾಲಕ್ಕೆ ಇಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೆ ತಾರಸಿಯ ಟ್ಯಾಂಕಿನಿಂದ ಸುಡುನೀರು ಬರುತ್ತದೆ. ಗೀಸರ್ ಆರಿಸಿಟ್ಟು, ಅದರೊಳಗೆ ತಣಿದ ನೀರನ್ನು ಬಿಸಿನೀರಿನ ನಲ್ಲಿಯಿಂದ ಹಿಡಿದು ಸ್ನಾನ ಮಾಡುತ್ತೇವೆ. ಹೊಸದಾಗಿ ಬಂದ ವರ್ಷ ಇದು ತಿಳಿಯದೆ, ದೇವರಿಗೆ ನೀರು ಹಿಡಿಯಲು ಹೋಗಿ ಬೆರಳು ಸುಟ್ಟುಕೊಂಡಿದ್ದೆ. ಹಿಮವೋ ಬಿಸಿಲೋ, ಹೊರಗೆ ಕಾಲಿಡಲು ಹೆದರಿ ಬಾಗಿಲು ಹಾಕಿಕೊಂಡ ಮನೆಗಳೆಲ್ಲ ಒಂದೇ ಅನ್ನಿಸುತ್ತದೆ ನನಗೆ.

ಆದರೆ ಆ ವರ್ಷ ನನ್ನ ಹೆದರಿಕೆ ಬಿಸಿಲಿನದಾಗಿರಲಿಲ್ಲ. ಅದು ಕಚ್ಚಾ ತೈಲದ ಬೆಲೆ ಬಿದ್ದ ಕಾಲ. ಮೈಸೂರಿನಿಂದ ಅತ್ತೆ ಫೋನಿನಲ್ಲಿ, "ಪೆಟ್ರೋಲ್ ಅಗ್ಗವಾದ್ರೆ ಒಳ್ಳೇದೇ ಅಲ್ವೇನೇ?" ಎಂದು ಕೇಳಿದರು. ಒಳ್ಳೆಯದೇ, ಪೆಟ್ರೋಲಿನಿಂದ ಅನ್ನ ತಿನ್ನದವರಿಗೆ. ನಮ್ಮ ಯಜಮಾನರ ಕಂಪನಿಯಲ್ಲಿ ಪ್ರತಿ ತಿಂಗಳೂ ಒಂದಷ್ಟು ಜನರನ್ನು ಮನೆಗೆ ಕಳಿಸುತ್ತಿದ್ದರು. ಶುಕ್ರವಾರ, ಶನಿವಾರ ರಜೆ. ಹಾಗಾಗಿ ಕರೆದು ಕಾಗದ ಕೊಡುವುದು ಗುರುವಾರ ಮಧ್ಯಾಹ್ನ. ಗುರುವಾರ ನನಗೆ ರಾಯರ ವಾರ. ಮದುವೆಗೆ ಮುಂಚಿನಿಂದ ಒಪ್ಪತ್ತು ಮಾಡುತ್ತ ಬಂದವಳು ನಾನು. ಈಗ ಆ ದಿನ ತುತ್ತು ಗಂಟಲಲ್ಲಿ ಇಳಿಯುತ್ತಲೇ ಇರಲಿಲ್ಲವಾದ್ದರಿಂದ, ನನ್ನ ಉಪವಾಸ ಭಕ್ತಿಯದೋ ಭಯದ್ದೋ ಎಂದು ನನಗೇ ತಿಳಿಯದಾಯಿತು. ರಾಯರೇ ಬೇರೆ ಮಾಡಿಕೊಳ್ಳಲಿ ಎಂದು ಅವರಿಗೆ ಬಿಟ್ಟೆ.

ಮೇಲಿನ ಮನೆಯ ಸುಜಾತಕ್ಕ ಉಡುಪಿ ಕಡೆಯವರು. ಬರ್ಕಾದ ಮಾರುಕಟ್ಟೆಯಿಂದ ಚೀಲದ ತುಂಬ ಮಾವಿನಕಾಯಿ ತಂದವರು ನಮ್ಮ ಬಾಗಿಲು ತಟ್ಟಿ, "ನೀನು ಈ ಸಲ ಉಪ್ಪಿನಕಾಯಿ ಹಾಕುದಿಲ್ವಾ?" ಎಂದು ಕೇಳಿದರು.

"ವರ್ಷಕ್ಕಾಗೋಷ್ಟು ಹಾಕಿ, ತಿನ್ನೋಕೆ ನಾವೇ ಇಲ್ದಿದ್ರೆ ಅಕ್ಕ?"

"ಉಪ್ಪಿನಕಾಯಿಗೆ ವೀಸಾ ಬೇಡ ಮಾರಾಯ್ತಿ. ನೀವು ಹೋದ್ರೆ ಭರಣಿ ನಮ್ಮನೆಗೆ ಬರ್ತದೆ. ನಾವು ಮೊದಲು ಹೋದ್ರೆ ನಮ್ಮದು ನಿಮಗೆ. ಇಬ್ರೂ ಹೋದ್ರೆ ವಾಚ್‌ಮನ್‌ಗೆ ಹಬ್ಬ. ಯಲ್ಲಾ, ಏಳು ಏಳು, ಕಾಯಿ ಒರೆಸು."

ನಗು ಬಂತು. ಹಾಕಿದೆ, ಆದರೆ ಸಣ್ಣ ಭರಣಿಯಲ್ಲಿ. ನನ್ನ ನಂಬಿಕೆ ಅಷ್ಟೇ ಅಗಲವಿತ್ತು.

ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದವಳು ಆ ಮನೆಯ ತಾಯಿ. ಹಿಟ್ಟಿನ ಪೀಪಾಯಿ ಬರಿದಾಗುತ್ತ ಬಂದಾಗ ಆಕೆ ಮರದ ಚಮಚದಿಂದ ಮೆಲ್ಲಗೆ ಗೋರುತ್ತಾಳೆ, ತಳ ತಾಗಿದ ಸದ್ದು ಮಕ್ಕಳ ಕಿವಿಗೆ ಬೀಳದಂತೆ. ಆಕೆ ನನ್ನ ಒಡಹುಟ್ಟಿದವಳಂತೆ ಕಂಡಳು. ಇವರ ಜೊತೆ ಕೆಲಸದ ವಿಷಯ ಮಾತಾಡುವಾಗ ನಾನು ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿಕೊಳ್ಳುತ್ತಿದ್ದೆ. ಒಲೆ ಉರಿಯದೆ ಫ್ಯಾನ್ ಮಾತ್ರ ತಿರುಗುತ್ತಿದ್ದರೂ ಮಗಳಿಗೆ ಏನೂ ತಿಳಿಯುವುದಿಲ್ಲ ಎಂದು ನಂಬುವಷ್ಟು ಜಾಣೆ ನಾನು.

ಮಗಳು ಅನಘಾ ಆಗ ಆರನೆಯ ತರಗತಿ. ಕೆಲವು ದಿನಗಳಿಂದ ಶಾಲೆಯ ಶೂಗಳ ಹಿಮ್ಮಡಿ ತುಳಿದುಕೊಂಡು, ಚಪ್ಪಲಿಯಂತೆ ಎಳೆದಾಡುತ್ತಿದ್ದಳು. ಒಂದು ಗುರುವಾರ ಶಾಲೆಯಿಂದ ಬಂದವಳನ್ನು ಬಾಗಿಲಲ್ಲೇ ಹಿಡಿದೆ. ಇವರು ಇನ್ನೂ ಆಫೀಸಿನಲ್ಲಿದ್ದರು. ನನಗೆ ಯಾರನ್ನಾದರೂ ಬೈಯಬೇಕಿತ್ತು.

"ಎಷ್ಟು ಸಲ ಹೇಳ್ಬೇಕು? ಹಾಳಾಗಲ್ವಾ ಶೂ?"

"ಇಟ್ಸ್ ಟೈಟ್, ಅಮ್ಮ."

"ಮತ್ತೆ ಹೇಳೋಕೇನಾಗಿತ್ತು?"

ಅವಳು ಚೀಲ ಇಳಿಸುತ್ತ, "ಅಪ್ಪಂದು ಡಿಸೈಡ್ ಆಗ್ಲಿ ಅಂತ ಸುಮ್ನಿದ್ದೆ. ಮೈಸೂರು ಸ್ಕೂಲಲ್ಲಿ ಬೇರೆ ಕಲರ್ ಶೂ ಇರುತ್ತಲ್ವಾ? ವೇಸ್ಟ್ ಆಗುತ್ತೆ," ಎಂದಳು.

"ನಿಂಗ್ಯಾರು ಹೇಳಿದ್ದು ಇದೆಲ್ಲ?"

"ನೀನು ಫ್ಯಾನ್ ಹಾಕಿದಾಗೆಲ್ಲ ಅದೇ ಟಾಪಿಕ್ ಅಲ್ವಾ. ಫ್ಯಾನ್ ಸೌಂಡ್‌ಗೆ ನೀವಿಬ್ರೂ ಇನ್ನೂ ಜೋರಾಗಿ ಮಾತಾಡ್ತೀರ."

ಅವಳು ಕೈಕಾಲು ತೊಳೆಯಲು ಹೋದಳು. ಆ ಪುಸ್ತಕದ ಕಥೆ ಹೇಳುವುದು ಮನೆಯ ಮಗು ಎಂಬುದನ್ನು ಅಷ್ಟು ದಿನ ಓದಿಯೂ ನಾನು ಗಮನಿಸಿರಲಿಲ್ಲ. ತಾಯಿ ಸದ್ದಾಗದಂತೆ ಹಿಟ್ಟು ಗೋರಿದ್ದು ಪುಸ್ತಕಕ್ಕೆ ಬಂದಿದೆ ಎಂದರೆ, ಆ ಸದ್ದನ್ನು ಯಾವುದೋ ಮಗು ಕೇಳಿಸಿಕೊಂಡಿತ್ತೆಂದೇ ಅರ್ಥ. ಕೇಳಿಸಿಕೊಂಡು, ಹೊಟ್ಟೆ ತುಂಬಿತು ಎಂದು ತಟ್ಟೆಯ ಮುಂದಿನಿಂದ ಎದ್ದಿತ್ತು.

ಸಂಜೆ ಇವರು ಬಂದರು. ಇವರ ಮುಖ ನೋಡಿ ಏನೂ ತಿಳಿಯುವ ಹಾಗಿಲ್ಲ. ನಮ್ಮ ಮದುವೆಯ ಫೋಟೋದಲ್ಲೂ ಕರೆಂಟ್ ಬಿಲ್ ಕಟ್ಟಲು ನಿಂತವರಂತಿದ್ದಾರೆ. ಎಂದಿನಂತೆ ಅಡುಗೆಮನೆಯ ಕಡೆ ಕಣ್ಣು ಮಾಡಿದರು.

"ಇಲ್ಲೇ ಹೇಳಿ, ಅವಳೂ ಇರ್ಲಿ," ಎಂದೆ.

ಒಂದು ಗಳಿಗೆ ನನ್ನನ್ನೇ ನೋಡಿ ಕೂತರು. ಕರೆದಿದ್ದರಂತೆ. ಇವರ ಸೆಕ್ಷನ್ನಿನ ಅರ್ಧ ಜನಕ್ಕೆ ಅಲ್ಲಿಗೆ ಖಲಾಸ್. ಇವರನ್ನು ಮಾತ್ರ ಆಗಸ್ಟ್ ಮುಗಿಯುವವರೆಗೆ ಇಟ್ಟುಕೊಳ್ಳುತ್ತೇವೆ, ಆಮೇಲೆ ನೋಡೋಣ ಎಂದರಂತೆ.

ನಾನು ಮನಸ್ಸಿನಲ್ಲೇ ರಾಯರಿಗೆ ಕೈಮುಗಿದೆ. ಪೂರ್ತಿ ಯಾಕೆ ಕೊಡಲಿಲ್ಲ ಎಂಬ ಜಗಳವನ್ನು ಮುಂದಿನ ಗುರುವಾರಕ್ಕೆ ಇಟ್ಟುಕೊಂಡೆ. ಅಷ್ಟರಲ್ಲಿ ಅನಘಾ ಕೇಳಿದಳು:

"ಹಾಗಾದ್ರೆ ವೆಕೇಶನ್ ಪ್ರಾಜೆಕ್ಟ್ ಮಾಡ್ಬೇಕಾ, ಬೇಡ್ವಾ? ಸಬ್ಮಿಟ್ ಮಾಡೋದು ಆಗಸ್ಟ್‌ನಲ್ಲಿ."

"ಮಾಡು," ಎಂದೆವು ನಾವಿಬ್ಬರೂ.

ಅವಳು ಮುಖ ಸಿಂಡರಿಸಿದಳು. ಇಷ್ಟೆಲ್ಲ ಕಷ್ಟದಲ್ಲಿ ಅವಳಿಗೂ ಒಂದು ಸಣ್ಣ ಲಾಭದ ಆಸೆ ಇತ್ತೆಂದು ಕಾಣುತ್ತದೆ. ಇವರು ನನ್ನ ಕಡೆ ತಿರುಗಿದರು. ಎಷ್ಟೋ ತಿಂಗಳಿಂದ ಒಬ್ಬರು ಊರು ಎಂದರೆ ಇನ್ನೊಬ್ಬರು ಇಲ್ಲೇ ಎನ್ನುತ್ತಿದ್ದ ನಾವು ಒಂದೇ ಸಲಕ್ಕೆ ಒಂದೇ ಮಾತು ಆಡಿದ್ದೆವು. ದೇವರು ಆ ದಿನ ಕೊಟ್ಟದ್ದರಲ್ಲಿ ನಾನು ಮೊದಲು ಎಣಿಸಿಕೊಂಡದ್ದು ಅದನ್ನು. ಆಗಸ್ಟನ್ನು ಆಮೇಲೆ.