ರತ್ನಗಿರಿಯ ಮಂಜಿನಲ್ಲಿ ನಿಂತ ಡ್ರೋನ್

ದೆವ್ವ, ಶಕುನ, ಮೈಮೇಲೆ ಬರುವುದು, ಇಂಥವನ್ನೆಲ್ಲ ನಾನು ನಂಬಿದವನಲ್ಲ. ಯಾರಾದರೂ ಇಂಥ ಕಥೆ ಶುರು ಮಾಡಿದರೆ ನಕ್ಕು ಎದ್ದು ಹೋಗುವ ದುರಭ್ಯಾಸವೂ ಇತ್ತು. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಮಷಿನ್‌ಗಳನ್ನು ರಿಪೇರಿ ಮಾಡಿ ಬದುಕುವವನು ನಾನು. ದಾರ ಕಡಿದರೆ, ಹೊಲಿಗೆ ತಪ್ಪಿದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಬಿಚ್ಚಿ ನೋಡಿದರೆ ಸಿಕ್ಕೇ ಸಿಗುತ್ತದೆ. ಆದ್ದರಿಂದ ಮುಂದೆ ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ನನಗೆ ಡ್ರೋನ್ ಹುಚ್ಚು ಹಿಡಿದು ಕೆಲವು ವರ್ಷಗಳಾದವು. ಬಿಡಿಭಾಗ ತರಿಸಿ ನಾನೇ ಜೋಡಿಸಿದೆ. ಅದನ್ನು ಹಾರಿಸುವುದು ನನ್ನ ಕೈಯಲ್ಲ, ಅದರೊಳಗಿನ ಸಾಫ್ಟ್‌ವೇರ್. ಅದು ಪುಕ್ಕಟೆ ಸಿಗುತ್ತದೆ. ದೇಶದೇಶದವರು ಸೇರಿ ಬರೆದು, ಒಂದೊಂದು ಸಾಲನ್ನೂ ಯಾರು ಬೇಕಾದರೂ ಓದುವ ಹಾಗೆ ತೆರೆದಿಟ್ಟಿದ್ದಾರೆ. ನಕ್ಷೆಯ ಮೇಲೆ ದಾರಿ ಗುರುತು ಮಾಡಿ ಬಿಟ್ಟರೆ ಡ್ರೋನ್ ಹೊಲ ಉಳುವ ಎತ್ತಿನಂತೆ ಸಾಲು ಹಿಡಿದು ಹೋಗಿ ಬರುತ್ತದೆ. ದಾರಿಯಲ್ಲಿ ಏನೇನಾಯಿತೆಂದು ತಾನೇ ಬರೆದಿಟ್ಟುಕೊಳ್ಳುತ್ತದೆ. ಮುಚ್ಚುಮರೆಯಿಲ್ಲದ ಈ ಗುಣಕ್ಕೇ ನಾನು ಮರುಳಾದದ್ದು.

ಒಂದು ಚಳಿಗಾಲದ ಮಧ್ಯಾಹ್ನ ಮಡಕಶಿರದ ಹತ್ತಿರದ ರೊಳ್ಳದಿಂದ ನನ್ನ ಭಾಮೈದ ತಿಮ್ಮರಾಜು ಫೋನ್ ಮಾಡಿದ. ರತ್ನಗಿರಿಯ ಕುರಿಗಾಹಿ ಕರಿಯಣ್ಣ, ತಪ್ಪಿಸಿಕೊಂಡ ಒಂದು ಕುರಿಯನ್ನು ಹುಡುಕಿಕೊಂಡು ಹಿಂದಿನ ಸಂಜೆ ಬೆಟ್ಟ ಹತ್ತಿದವನು ಇಳಿದು ಬಂದಿರಲಿಲ್ಲ. ಊರವರು ಬೆಳಗಿನಿಂದ ಅಲೆದರೂ ಸುಳಿವು ಸಿಕ್ಕಿರಲಿಲ್ಲ. "ನಿನ್ ಡ್ರೋನ್ ತಗಂಡ್ ಬಾ ಭಾವ. ಇನ್ನೊಂದ್ ರಾತ್ರಿ ಈ ಚಳೀಲಿ ಅಂದ್ರೆ ಕಷ್ಟ ಐತೆ" ಎಂದ. ಆಗ ಡ್ರೋನ್ ನನ್ನ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು. ಅದರ ಒಂದು ಮೋಟಾರು ಹೊರಗೆ ತೆಗೆದು ಮೂರು ದಿನವಾಗಿತ್ತು. ಈ ಮಾತು ದಯವಿಟ್ಟು ನೆನಪಿಟ್ಟುಕೊಳ್ಳಿ. ಗಡಿಬಿಡಿಯಲ್ಲಿ ಮೋಟಾರು ಕೂರಿಸಿ ಸಂಜೆಯ ಬಸ್ ಹಿಡಿದೆ.

ಮರುದಿನ ಬೆಳಕು ಹರಿಯುವಾಗ ಬೆಟ್ಟದ ಬುಡದಲ್ಲಿದ್ದೆವು. ಅಂಥ ಮಂಜನ್ನು ನಮ್ಮ ಸೀಮೆಯಲ್ಲಿ ನಾನು ಕಂಡದ್ದು ಕಡಿಮೆ. ಬೆಟ್ಟದ ಮೇಲಿನ ಹಳೆ ಕೋಟೆಯ ಗೋಡೆ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ತುಂಡುತುಂಡಾಗಿ ಕಾಣಿಸಿ ಮತ್ತೆ ಕರಗುತ್ತಿತ್ತು. ಕರಿಯಣ್ಣನ ಹೆಂಡತಿ ರಂಗಮ್ಮ ಬಟ್ಟೆಯಲ್ಲಿ ಮುದ್ದೆ ಕಟ್ಟಿಕೊಂಡು, ನೀರಿನ ಬಾಟಲಿ ಹಿಡಿದು ನಿಂತಿದ್ದಳು. "ಸಿಕ್ಕುದ್ ತಕ್ಷಣ ಹಸಿವು ಅಂತಾನೆ ಕಣಪ್ಪ" ಎಂದಳು. ಅವನು ಬದುಕಿದ್ದಾನೆಂದು ನನಗೆ ಅನ್ನಿಸಿರಲಿಲ್ಲ.

ಡ್ರೋನ್ ಮೇಲೇರಿ ನಾನು ಹಾಕಿಕೊಟ್ಟ ಸಾಲುಗಳಲ್ಲಿ ಹೋಗಿ ಬರತೊಡಗಿತು. ಮಂಜಿನೊಳಗೆ ಅದರ ಸದ್ದು ಹತ್ತಿರವೂ ಅಲ್ಲ, ದೂರವೂ ಅಲ್ಲ, ನಿದ್ದೆಯಲ್ಲಿ ಕೇಳಿದ ಹಾಗಿತ್ತು. ಒಂಬತ್ತನೆಯ ಸಾಲಿನ ನಡುವೆ ಅದು ಇದ್ದಕ್ಕಿದ್ದಂತೆ ನಿಂತುಬಿಟ್ಟಿತು. ಮುಂದೆ ಹೋಗುತ್ತಿದ್ದೇನೆ ಎಂದೇ ಫೋನಿನ ಪರದೆ ಹೇಳುತ್ತಿತ್ತು. ಆದರೆ ಡ್ರೋನ್ ಕದಲುತ್ತಿರಲಿಲ್ಲ. ಕ್ಯಾಮೆರಾದಲ್ಲಿ ಮಂಜು, ಜಾಲಿ ಪೊದೆ, ಒಂದು ದೊಡ್ಡ ಬಂಡೆ, ಅಷ್ಟೇ. ಮೋಟಾರು ಸರಿಯಾಗಿ ಕೂರಿಸಿಲ್ಲವೇನೋ ಎಂದುಕೊಂಡು ವಾಪಸ್ ಕರೆಸಿದೆ. ಎಲ್ಲ ನೋಡಿ, ಬ್ಯಾಟರಿ ಬದಲಿಸಿ, ಮತ್ತೆ ಬಿಟ್ಟೆ. ಮತ್ತೆ ಅದೇ ಜಾಗದಲ್ಲಿ ನಿಂತಿತು.

"ಅಲ್ಲೇ ಯಾಕಪ್ಪ ನಿಂತ್ಕೊತೈತೆ?" ಎಂದಳು ರಂಗಮ್ಮ.

"ಏನೂ ಇಲ್ರಿ ಅಮ್ಮ, ಮಷಿನ್ ಕೆಟ್ಟದ. ವಾಪಸ್ ಕರಸ್ತೀನ್ರಿ" ಎಂದೆ.

ಅವಳು ನನ್ನ ಮಾತು ಮುಗಿಯುವವರೆಗೂ ಕಾಯಲಿಲ್ಲ. ಸದ್ದು ಬರುತ್ತಿದ್ದ ಕಡೆಗೆ ಮುದ್ದೆಯ ಗಂಟು ಹಿಡಿದು ನಡೆದೇಬಿಟ್ಟಳು. ತಿಮ್ಮರಾಜು ಅವಳ ಹಿಂದೆ ಓಡಿದ. ಬ್ಯಾಟರಿ ಮುಗಿಯುತ್ತ ಬಂದು ಡ್ರೋನ್ ತಾನಾಗಿ ಇಳಿದ ಮೇಲೆ ಅದನ್ನು ಬುಡದಲ್ಲೇ ಬಿಟ್ಟು ನಾನೂ ಬೆಟ್ಟ ಹತ್ತಿದೆ. ಆ ಬಂಡೆಯ ಅಡಿಯ ಸಂದಿಯಲ್ಲಿ ಕರಿಯಣ್ಣ ಇದ್ದ. ಕಾಲು ಮುರಿದಿತ್ತು, ತುಟಿ ಒಡೆದಿತ್ತು, ಜೀವ ಇತ್ತು. ರಂಗಮ್ಮ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ಕುಡಿಸುತ್ತಿದ್ದಳು. ನಾನು ಅತ್ತುಬಿಟ್ಟೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಇಷ್ಟೇ ಆಗಿದ್ದರೆ ಕಾಕತಾಳೀಯ ಎಂದು ಸುಮ್ಮನಿರುತ್ತಿದ್ದೆ. ಅವನನ್ನು ಹೊತ್ತು ಇಳಿಸುವಾಗ ಕರಿಯಣ್ಣ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದ: "ನಿನ್ನೆ ದಿನಾನೂ ಡ್ರೋನ್ ಕಳ್ಸಿದ್ರಲ್ಲ ಸಾಮಿ, ಅದುಕ್ಕೇ ಉಳ್ಕಂಡೆ. ಹೊತ್ತು ಮುಳುಗೋಗಂಟ ತಲೆ ಮ್ಯಾಲೇ ಇತ್ತು. ಕಣ್ಣು ಮುಚ್ಚಿದ್ರೆ ಹತ್ರ ಬಂದು ಗುಂಯ್ ಅಂತಿತ್ತು, ಮಲಗಾಕೇ ಬಿಡ್ಲಿಲ್ಲ. ಅದರ ಒಂದು ಕಾಲಿಗೆ ಹಳದಿ ದಾರ ಸುತ್ತಿದ್ರಲ್ಲ, ಅದನ್ನೇ ನೋಡ್ಕಂಡಿದ್ದೆ."

ಡ್ರೋನಿನ ಬಿರುಕು ಬಿಟ್ಟ ಒಂದು ಕಾಲಿಗೆ ಜೀನ್ಸ್ ಹೊಲಿಯುವ ಹಳದಿ ದಾರವನ್ನು ನಾನು ಸುತ್ತಿದ್ದುದು ನಿಜ. ಆ ಬೆಳಿಗ್ಗೆ ಡ್ರೋನ್ ತೆಂಗಿನ ಮರಕ್ಕಿಂತ ಮೂರು ಪಟ್ಟು ಎತ್ತರದಲ್ಲಿತ್ತು. ಅಲ್ಲಿಂದ, ಆ ಮಂಜಿನಲ್ಲಿ, ದಾರ ಯಾರ ಕಣ್ಣಿಗೂ ಕಾಣದು. ಹಿಂದಿನ ದಿನವಂತೂ ಡ್ರೋನ್ ರಾಯದುರ್ಗದಲ್ಲಿ ನನ್ನ ಕಣ್ಣೆದುರಿಗೇ ಇತ್ತು.

ಬಾಯಾರಿಕೆಗೆ ಭ್ರಮೆಯಾಗಿರಬೇಕು ಎಂದರು ಡಾಕ್ಟರು. ಇರಬಹುದು, ಆದರೆ ಭ್ರಮೆಗೆ ದಾರದ ಬಣ್ಣ ಹೇಗೆ ತಿಳಿಯಿತು? ಬೇರೆ ಯಾರಾದರೂ ಹಾರಿಸಿದ್ದರೇ ಎಂದು ಮಡಕಶಿರದವರೆಗೂ ಕೇಳಿ ಬಂದೆ, ಯಾರೂ ಇರಲಿಲ್ಲ. ಡ್ರೋನ್ ಬರೆದಿಟ್ಟುಕೊಂಡಿದ್ದನ್ನು ತೆಗೆದು ನೋಡಿದೆ. ಹಿಂದಿನ ದಿನದ್ದು ಏನೂ ಇಲ್ಲ. ಆ ಬೆಳಗಿನದರಲ್ಲಿ ಮುಂದೆ ಹೋಗು ಎಂಬ ಆಜ್ಞೆ ಇದೆ, ನಿಂತದ್ದಕ್ಕೆ ಕಾರಣ ಇಲ್ಲ. ಸಾಫ್ಟ್‌ವೇರ್ ಬರೆಯುವವರಿಗೂ ಅದನ್ನು ಕಳಿಸಿದೆ. ಒಬ್ಬರು ಗಾಳಿ ಎಂದರು, ಇನ್ನೊಬ್ಬರು ಉಪಗ್ರಹದ ಸಂಕೇತ ಎಂದರು, ಆಮೇಲೆ ಇಬ್ಬರೂ ಅದಲ್ಲ ಎಂದು ಒಪ್ಪಿಕೊಂಡರು. ಎಷ್ಟೋ ಸಂಜೆ ಕೂತು ಅವರು ಬರೆದ ಸಾಲುಗಳನ್ನು ನಾನೂ ಓದಿದ್ದೇನೆ. ಎಲ್ಲವೂ ಬಟಾಬಯಲಾಗಿದೆ, ಆದರೂ ನನಗೆ ಬೇಕಾದದ್ದು ಅಲ್ಲಿಲ್ಲ.

ಕಾಲು ಕೂಡಿದ ಮೇಲೆ ಕರಿಯಣ್ಣ ನಮ್ಮ ಮನೆಗೆ ಬಂದ. ತನ್ನ ಕುರಿಗಳ ಉಣ್ಣೆಯಲ್ಲೇ ನೇಯಿಸಿದ ಎರಡು ಕರಿ ಕಂಬಳಿ ತಂದಿದ್ದ. "ಇದು ನೀವ್ ಬಂದ ದಿನುಕ್ಕೆ, ಇದು ಅದರ ಹಿಂದಿನ್ ದಿನುಕ್ಕೆ" ಎಂದು ಬೇರೆಬೇರೆಯಾಗಿ ಇಟ್ಟ. ಮೇಜು, ಮೋಟಾರು ಎಲ್ಲ ವಿವರಿಸಿದೆ. ತಾಳ್ಮೆಯಿಂದ ಕೇಳಿಸಿಕೊಂಡ, ಕಂಬಳಿಯನ್ನು ಮಾತ್ರ ವಾಪಸ್ ತೆಗೆದುಕೊಳ್ಳಲಿಲ್ಲ.

ಒಂದನ್ನು ಚಳಿಗೆ ಹೊದೆಯುತ್ತೇನೆ. ಇನ್ನೊಂದನ್ನು ಈವರೆಗೆ ಯಾರೂ ಹೊದ್ದಿಲ್ಲ. ಹುಳ ಬೀಳದಿರಲೆಂದು ನನ್ನ ಹೆಂಡತಿ ಅದನ್ನು ಆಗಾಗ ಬಿಸಿಲಿಗೆ ಹಾಕಿ ಮತ್ತೆ ಮಡಚಿಡುತ್ತಾಳೆ. ಅದು ಯಾರಿಗೆ ಸೇರಬೇಕೋ ನಮ್ಮಿಬ್ಬರಿಗೂ ಗೊತ್ತಿಲ್ಲ.