ಬೋಳು ಹೊಂಗೆಯ ವಕೀಲೆ

ಇಪ್ಪತ್ತೆರಡು ವರ್ಷದಿಂದ ಅದೇ ಬೀದಿ ಗುಡಿಸುತ್ತಿದ್ದ ಪೊರಕೆ ಅಕ್ಕನಿಗೆ ಬಾಯಿಗೆ ಬೀಗ ಹಾಕಿ ಗೊತ್ತಿರಲಿಲ್ಲ. ಆಸ್ಪತ್ರೆ ಮುಂದಿನ ಬೋಳು ಹೊಂಗೆಗೆ ಮರಗಳ ಅಧಿಕಾರಿ ಕೆಂಪು ಗುರುತು ಬಳಿಯುವುದನ್ನು ಕಂಡವಳೇ ಪೊರಕೆ ಅಡ್ಡ ಹಿಡಿದು ನಿಂತಳು.

“ಇದೇನ್ ತಪ್ಪು ಮಾಡ್ತು ಸಾರ್?”

“ಒಣಗಿ ಸತ್ತಿದೆಯಮ್ಮ. ನಾಳೆ ಕಡೀತಾರೆ.”

“ಸತ್ತ ಮರ ಎಲೆ ಉದುರಿಸಲ್ಲ ಸಾರ್, ಕೊಂಬೇಲೇ ಒಣಗಿಸ್ಕೊಂಡು ನಿಲ್ಲುತ್ತೆ. ಹೋದ ವಾರ ಇದರ ಎಲೆ ಆರು ಬುಟ್ಟಿ ಗುಡಿಸಿದ್ದೀನಿ. ಈ ಮಣ್ಣಿನ ಮರ ಇದು, ಹಳೇ ಬಟ್ಟೆ ಬಿಚ್ಚಿದೆ, ಅಷ್ಟೆ. ಹದಿನೈದು ದಿನ ತಡೀರಿ. ಚಿಗುರದಿದ್ರೆ ಕೊಡಲಿ ನಾನೇ ತಂದ್ಕೊಡ್ತೀನಿ!”

ಬೀದಿಯವರೆಲ್ಲ ನಕ್ಕರು. ಇವಳ ಕಾಟ ತಪ್ಪಿದರೆ ಸಾಕೆಂದು ಅಧಿಕಾರಿ ಒಪ್ಪಿಕೊಂಡರು.

ಹನ್ನೊಂದನೆಯ ದಿನ ಬೆಳಗ್ಗೆ ಹೊಂಗೆ ಕೊಂಬೆಕೊಂಬೆಗೂ ಎಳೆಹಸಿರು ಉಟ್ಟು ನಿಂತಿತ್ತು. ಕೆಂಪು ಗುರುತೊಂದೇ ಪೆಚ್ಚಾಗಿ ಕಾಣುತ್ತಿತ್ತು. ವಾರ ಕಳೆಯುವುದರೊಳಗೆ ನಕ್ಕವರೇ ಅದರ ನೆರಳಿಗೆ ಬಂದು ನಿಂತರು.

ಅಧಿಕಾರಿಯೂ ಬಂದರು, ಕಡಿಯಬೇಕಾದ ಉಳಿದ ಮರಗಳ ಪಟ್ಟಿ, ಕೆಂಪು ಬಣ್ಣದ ಡಬ್ಬಿ ಹಿಡಿದು.

“ಅಕ್ಕ, ಇವನ್ನೂ ಸ್ವಲ್ಪ ನೋಡ್ತೀರಾ? ಇದನ್ನೆಲ್ಲ ಎಲ್ಲಿ ಕಲಿತ್ರಿ?”

ಅಕ್ಕ ಅವರ ಕೈಯಿಂದ ಬಣ್ಣದ ಡಬ್ಬಿ ಕಿತ್ತುಕೊಂಡು ತನ್ನ ಪೊರಕೆ ಹಿಡಿಸಿದಳು.

“ಗುಡಿಸಿ ಸಾರ್. ಹೇಳಿಕೊಡ್ತೀನಿ.”