ತನ್ನ ಲೈನ್ ಬಿಟ್ಟು ಕದಲದ ಅಕ್ಕ

ಮನೆಯಲ್ಲಿ ಮಿಕ್ಸಿ ಹಾಕುವಾಗ ಈಗಲೂ ನನ್ನ ಒಂದು ಕೈ ಸ್ವಿಚ್ಚಿನ ಮೇಲೆಯೇ ಇರುತ್ತದೆ. ಕಾರ್ಖಾನೆಯಲ್ಲಿ ಅದು ನಡೆದು ತಿಂಗಳುಗಳೇ ಕಳೆದಿವೆ. ಯಾರ ಪ್ರಾಣಕ್ಕೂ ಏನೂ ಆಗಲಿಲ್ಲ. ಆದರೂ ಯಂತ್ರ ತಿರುಗುವ ಸದ್ದು ಕೇಳಿದರೆ ಒಂದು ನೀಲಿ ಅಂಗಿಯ ತೋಳು ಕಣ್ಣ ಮುಂದೆ ಬರುತ್ತದೆ.

ತುಮಕೂರಿನಲ್ಲಿ ಬಿಎಸ್ಸಿ ಮುಗಿಸಿ, ಗುಬ್ಬಿ ರಸ್ತೆಯ ಒಂದು ಕೊಬ್ಬರಿ ಪುಡಿ ಕಾರ್ಖಾನೆಯಲ್ಲಿ ನಾನು ಗುಣಮಟ್ಟ ನೋಡುವ ಕೆಲಸಕ್ಕೆ ಸೇರಿದೆ. ಅಲ್ಲಿ ಎರಡು ಲೈನ್ ಇವೆ. ಎರಡರಲ್ಲೂ ಹಸಿ ಕಾಯಿತುರಿ ಒಂದು ಉದ್ದನೆಯ ತೊಟ್ಟಿಗೆ ಬೀಳುತ್ತದೆ. ತೊಟ್ಟಿಯೊಳಗೆ ತಿರುಗುವ ಸ್ಟೀಲಿನ ಸ್ಕ್ರೂ ಅದನ್ನು ಡ್ರೈಯರ್ ಕಡೆಗೆ ದೂಡುತ್ತದೆ. ಮೊದಲನೆಯ ಲೈನ್ ನೋಡುವವರು ಬೆಳ್ಳಾವಿ ಕಡೆಯ ಒಬ್ಬ ಹೆಂಗಸು. ನಮಗೆಲ್ಲ ಅವರು ಅಕ್ಕ.

ಮೊದಮೊದಲು ಅಕ್ಕ ಇಲ್ಲದ ಜಾಗವೇ ಅಲ್ಲಿರಲಿಲ್ಲ. ಎರಡೂ ಲೈನ್ ಅವರೇ ನೋಡುತ್ತಿದ್ದರು, ಲಾರಿ ಬಂದರೆ ಅಲ್ಲಿಗೂ ಓಡುತ್ತಿದ್ದರು, ಯಾರಾದರೂ ರಜೆ ಹಾಕಿದರೆ ಭಾನುವಾರವೂ ಬರುತ್ತಿದ್ದರು. ಇನ್‌ಚಾರ್ಜ್ ಕೆಲಸ ಖಾಲಿಯಾದಾಗ ಅದು ಅಕ್ಕನಿಗೇ ಎಂದು ಎಲ್ಲರೂ ಅಂದುಕೊಂಡಿದ್ದೆವು. ಆದರೆ ಬಂದವರು ಡಿಪ್ಲೊಮಾ ಓದಿದ್ದ ಕುಣಿಗಲ್ಲಿನ ಹೊಸಬರು. ಅವರಿಗೆ ಕೆಲಸ ಕಲಿಸಿಕೊಡಲು ಅಕ್ಕನಿಗೇ ಹೇಳಿದರು. ಅಕ್ಕ ಕಲಿಸಿದರು. ಜಗಳವಿಲ್ಲ, ಕಣ್ಣೀರಿಲ್ಲ. ಕಲಿಸಿ ಮುಗಿದ ಮೇಲೆ ತಮ್ಮ ಲೈನಿಗೆ ಹೋಗಿ ನಿಂತವರು ಇನ್ನೊಂದು ಲೈನಿನ ಕಡೆ ತಲೆ ಹಾಕಲಿಲ್ಲ. ಡ್ಯೂಟಿ ಮುಗಿದ ಮೇಲೆ ಫೋನೂ ಎತ್ತುತ್ತಿರಲಿಲ್ಲ.

ಪ್ಯಾಕಿಂಗ್ ಹುಡುಗಿಯರಿಗೆ ಅದೊಂದು ತಮಾಷೆಯಾಯಿತು. “ಅಕ್ಕ ಗೌರ್ಮೆಂಟ್ ಆಫೀಸರ್ ಆಗವ್ಳೆ ಕಣೇ, ಬೆಲ್ ಹೊಡೆಯೋಕ್ ಮುಂಚೇನೆ ಚಪ್ಲಿ ಬಾಗ್ಲ ಕಡೆ ತಿರುಗಿರ್ತವೆ” ಎಂದು ನಗುತ್ತಿದ್ದರು. ಅಕ್ಕನೂ ನಗುತ್ತಿದ್ದರು. ನಮ್ಮಲ್ಲಿ ಉತ್ಸಾಹ ತುಂಬಲು ಒಮ್ಮೆ ಬೆಂಗಳೂರಿನಿಂದ ಯಾರೋ ಬಂದು ಬಲೂನು ಊದಿಸಿ, ಈ ಕಂಪನಿ ನಿಮಗೆ ಏನು ಎಂದು ಒಬ್ಬೊಬ್ಬರನ್ನೇ ಕೇಳಿದರು. ಎಲ್ಲರೂ ಮನೆ ಇದ್ದ ಹಾಗೆ ಎಂದೆವು. ಅಕ್ಕನ ಸರದಿ ಬಂತು.

“ಮನೆ ಬೆಳ್ಳಾವೀಲೈತೆ ಸಾರ್. ಇದು ಫ್ಯಾಕ್ಟ್ರಿ.”

ಅದು ನಡೆದ ದಿನ ಬೆಳಿಗ್ಗೆ ಎರಡನೆಯ ಲೈನ್ ನೋಡುವವಳು ಬಂದಿರಲಿಲ್ಲ. ಎರಡೂ ಕಡೆ ನೋಡಿಕೊಳ್ಳಿ ಎಂದು ಇನ್‌ಚಾರ್ಜ್ ಅಕ್ಕನನ್ನು ಕೇಳಿದರು. ಮುಂಚೆ ನೋಡಿಕೊಳ್ಳುತ್ತಿದ್ದಿರಲ್ಲ ಎಂದೂ ಅಂದರು.

“ಮುಂಚೆ ನೋಡ್ಕೊತಿದ್ದೆ ಸಾರ್. ಈಗ ನನ್ ಲೈನ್ ನೋಡ್ಕೊತೀನಿ.”

ಇನ್‌ಚಾರ್ಜ್ ಸಿಟ್ಟಿನಲ್ಲೇ ನನ್ನ ಲ್ಯಾಬಿಗೆ ಬಂದರು. ಕೆಟ್ಟ ಮನುಷ್ಯರಲ್ಲ, ಮೇಲಿನವರ ಒತ್ತಡದಲ್ಲಿ ಬೇಯುತ್ತಿದ್ದವರು. ಮನಸ್ಸಿಟ್ಟು ಕೆಲಸ ಮಾಡದವರು ನಮಗೆ ಬೇಡ, ಈ ತಿಂಗಳೇ ಓನರ್‌ಗೆ ಹೇಳಿ ಅಕ್ಕನನ್ನು ಕೆಲಸದಿಂದ ಬಿಡಿಸುತ್ತೇನೆ ಎಂದರು. ಅಕ್ಕನ ಮಗಳು ತುಮಕೂರಿನಲ್ಲಿ ಬಿಎಡ್ ಓದುತ್ತಿರುವುದು ಇದೇ ಸಂಬಳದಲ್ಲಿ ಎಂದು ನನಗೆ ಗೊತ್ತಿತ್ತು. ಹೇಳಿದೆ. ಅವರು ಹೊರಟು ಹೋದರು. ಪ್ಯಾಕಿಂಗ್‌ನಿಂದ ಒಬ್ಬಳನ್ನು ಕರೆತಂದು ಎರಡನೆಯ ಲೈನಿನಲ್ಲಿ ನಿಲ್ಲಿಸಿದರು.

ಊಟದ ಹೊತ್ತಿಗೆ ಮುಂಚೆ, ನಾನು ಸ್ಯಾಂಪಲ್ ತೆಗೆದುಕೊಳ್ಳಲು ಮೊದಲನೆಯ ಲೈನಿಗೆ ಹೋದಾಗ, ತೊಟ್ಟಿಯಲ್ಲಿ ತುರಿ ಗಂಟುಕಟ್ಟಿ ನಿಂತಿತ್ತು. ಲೋಡ್ ಕಳಿಸುವುದು ತಡವಾಗಿತ್ತು. ನಿಲ್ಲಿಸಿ ತೆಗೆಯೋಣ ಎಂದು ಅಕ್ಕ ಹೇಳುತ್ತಿರುವಾಗಲೇ ಇನ್‌ಚಾರ್ಜ್ ಮುಚ್ಚಳ ಎತ್ತಿ ಕೋಲಿನಿಂದ ಕೆದಕತೊಡಗಿದರು. ನಿಲ್ಲಿಸಬೇಕೆಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕೋಲು ಜಾರಿತು. ಅದನ್ನು ಹಿಡಿಯಲು ಕೈ ಚಾಚಿದರು.

ಅವರ ಅಂಗಿಯ ನೀಲಿ ತೋಳು ಸ್ಕ್ರೂಗೆ ಸುತ್ತಿಕೊಂಡಿತು. ಅವರ ಭುಜ ತೊಟ್ಟಿಯ ಕಡೆಗೆ ಬಾಗುವುದನ್ನು ನೋಡುತ್ತ ನಾನು ಸ್ಯಾಂಪಲ್ ಬಟ್ಟಲು ಹಿಡಿದು ನಿಂತೇ ಇದ್ದೆ. ಅಷ್ಟರಲ್ಲಿ ಸದ್ದು ನಿಂತಿತು. ಅಕ್ಕನ ಅಂಗೈ ಯಂತ್ರ ನಿಲ್ಲಿಸುವ ಕೆಂಪು ಬಟನ್ ಮೇಲಿತ್ತು.

ಅಂಗಿಯ ತೋಳನ್ನು ಕತ್ತರಿಸಿ ಕೈ ಬಿಡಿಸಿದೆವು. ಮೊಣಕೈವರೆಗೆ ಚರ್ಮ ತರಚಿತ್ತು, ಮೂಳೆಗೆ ಏನೂ ಆಗಿರಲಿಲ್ಲ.

ನನ್ನ ತಲೆಯಲ್ಲಿ ಮಾತ್ರ ಅದು ಮತ್ತೆ ಮತ್ತೆ ಬೇರೆ ರೀತಿಯಲ್ಲೇ ನಡೆಯುತ್ತದೆ. ಅಕ್ಕ ಬೆಳಿಗ್ಗೆ “ಆಗಲಿ ಸಾರ್” ಎಂದಿದ್ದರೆ? ಮೊದಲಿನ ಹಾಗೆ ಎಲ್ಲ ಕಡೆ ಓಡಾಡುತ್ತಿದ್ದರೆ? ಆ ಹೊತ್ತಿಗೆ ಅವರು ಎರಡನೆಯ ಲೈನಿನಲ್ಲೋ ಲಾರಿಯ ಬಳಿಯೋ ಇರುತ್ತಿದ್ದರು, ಬಟನ್ ಪಕ್ಕ ಯಾರೂ ಇರುತ್ತಿರಲಿಲ್ಲ. ಕಂಪನಿಯಿಂದ ಮನಸ್ಸು ತೆಗೆದ ಮೇಲೂ ಅಕ್ಕ ತಮ್ಮ ಜಾಗವನ್ನು ಮಾತ್ರ ಬಿಟ್ಟಿರಲಿಲ್ಲ. ನಾವು ಉದಾಸೀನ ಎಂದು ಆಡಿಕೊಂಡದ್ದು ಅದನ್ನೇ.

ಓನರ್ ಎದುರು ಇನ್‌ಚಾರ್ಜ್ ಏನನ್ನೂ ಮುಚ್ಚಿಡಲಿಲ್ಲ. ಯಂತ್ರ ನಿಲ್ಲಿಸದೆ ಕೈ ಹಾಕಿದ್ದು ನನ್ನದೇ ತಪ್ಪು, ಅಕ್ಕ ನಾನು ಹೇಳಿದ ಹಾಗೆ ಎರಡೂ ಕಡೆ ಓಡಾಡಿದ್ದರೆ ನನ್ನ ಕೈ ಇರುತ್ತಿರಲಿಲ್ಲ, ಒಂದು ಲೈನಿಗೆ ಒಬ್ಬರು ಇರಲೇಬೇಕು ಎಂದರು. ಅಕ್ಕನನ್ನು ಬಿಡಿಸುವ ಮಾತು ಅಲ್ಲಿಗೆ ಮುಗಿಯಿತು. ಯಾರಾದರೂ ರಜೆ ಹಾಕಿದರೆ ನಿಲ್ಲಲು ಇನ್ನೊಬ್ಬಳನ್ನು ಕೆಲಸಕ್ಕೆ ತೆಗೆದುಕೊಂಡರು. ಆ ದಿನ ಇನ್‌ಚಾರ್ಜ್ ನಿಜ ಹೇಳಿದ್ದಕ್ಕೆ ನಾನು ಋಣಿ. ಅಕ್ಕನಿಗೆ ಸನ್ಮಾನ ಮಾಡುತ್ತೇವೆಂದು ಓನರ್ ಹೇಳಿದಾಗ ಅಕ್ಕ ಕೇಳಿದ್ದು ಇಷ್ಟೇ: ಬೆಲ್‌ಗೆ ಮುಂಚೆ ಮುಗಿಸುತ್ತೀರಾ, ಊರಿಗೆ ಹೋಗುವ ವ್ಯಾನ್ ಹೊರಟುಬಿಡುತ್ತದೆ.

ಮುಂದಿನ ವಾರ ಸಂಜೆ ಕುಣಿಗಲ್ಲಿನಿಂದ ಇನ್‌ಚಾರ್ಜ್ ಅವರ ಹೆಂಡತಿ ಬಂದು ಗೇಟಿನ ಬಳಿ ಕಾಯುತ್ತಿದ್ದರು. ಕಂಕುಳಲ್ಲಿ ಮಗು. ಅಕ್ಕ ಯಾರೆಂದು ನನ್ನನ್ನೇ ಕೇಳಿದರು. ತೋರಿಸಿದೆ. ಆಕೆ ಅಕ್ಕನ ಹತ್ತಿರ ಹೋಗಿ, ಕಂಕುಳ ಮಗುವನ್ನು ಸರಿಪಡಿಸಿಕೊಂಡರು.

“ನಿನ್ನೆ ನಮ್ಮೆಜಮಾನ್ರು ಇವನನ್ನ ಎರಡೂ ಕೈಲಿ ಎತ್ಕೊಂಡ್ರು, ಅಕ್ಕ” ಎಂದರು.

“ನಾನೇನೂ ಮಾಡ್ಲಿಲ್ಲ ಕಣವ್ವ. ಅಲ್ಲೇ ನಿಂತಿದ್ದೆ.”

ವ್ಯಾನ್ ಹಾರ್ನ್ ಹೊಡೆಯಿತು. ಒಳಗಿದ್ದವರು ಕೂಗಿ ಕರೆದರು. ಅಕ್ಕ ಡ್ರೈವರ್ ಕಡೆ ಕೈ ಎತ್ತಿ ಸ್ವಲ್ಪ ಇರು ಎಂದು ಸನ್ನೆ ಮಾಡಿ, ಮಗುವಿಗೆ ಕೈ ಚಾಚಿದರು.